ಬೆಂಗಳೂರು ನಮ್ಮದಾದ ಒಂದು ರಾತ್ರಿ

2025ರ ಮೇ 31ರ ರಾತ್ರಿ. ಹೊತ್ತು ಮುಳುಗಿ ಎಷ್ಟೋ ತಾಸಾಗಿದ್ದರೂ ಮಾಳಿಗೆಯ ಶಹಾಬಾದ್ ಫರಸಿ ಇನ್ನೂ ಕಾದೇ ಇತ್ತು. ನಮ್ಮ ಮನೆಗೆ ಬಂದಿದ್ದ ಅಕ್ಕನ ಮಗ, ಹದಿನೈದರ ಹುಡುಗ, ಫೋನನ್ನು ನೀರಿನ ತಂಬಿಗೆಗೆ ಆನಿಸಿಟ್ಟು ಹನ್ನೆರಡೂವರೆ ಆಗುವುದನ್ನೇ ಕಾಯುತ್ತಿದ್ದ. ಮ್ಯೂನಿಕ್‌ನಲ್ಲಿ ಯುರೋಪಿನ ಚಾಂಪಿಯನ್ಸ್ ಲೀಗ್ ಫೈನಲ್. ಪ್ಯಾರಿಸ್ ಸೇಂಟ್ ಜರ್ಮೇನ್ ತಂಡ ಇಂಟರ್ ಮಿಲಾನ್ ಮೇಲೆ ಐದು ಗೋಲು ಹೊಡೆಯಿತು, ಎದುರಿನವರದು ಒಂದೂ ಇಲ್ಲ. ಆ ಫೈನಲ್‌ನಲ್ಲಿ ಅಷ್ಟು ದೊಡ್ಡ ಅಂತರದ ಗೆಲುವು ಅದಕ್ಕೂ ಮೊದಲು ಯಾರಿಗೂ ಸಿಕ್ಕಿರಲಿಲ್ಲ. ಮೂರನೇ ಗೋಲಿನ ಹೊತ್ತಿಗೇ ಪಂದ್ಯದ ಕಾವು ಆರಿತ್ತು. ಹುಡುಗ ಅಂಗಾತ ಮಲಗಿ ಚುಕ್ಕಿ ನೋಡುತ್ತಾ ಕೇಳಿದ: "ಮಾಮಾ, ನಮ್ಮವ್ರು ಯಾವಾಗರ ಇಂಥಾ ಫೈನಲ್ ಆಡ್ಯಾರೇನು?"

"ಆಡ್ಯಾರ. ಯುರೋಪಿಂದಲ್ಲ, ಏಷ್ಯಾದ್ದು. ಬೆಂಗಳೂರಿನವ್ರು, 2016ರಾಗ."

"ಗೆದ್ರೇನು?"

"ಇಲ್ಲ. ಒಂದ್ ಗೋಲಿಗಿ ಸೋತ್ರು."

"ಹಂಗಾದ್ರ..." ಅಂದವನೇ ಮಗ್ಗುಲಾಗಿ ಮತ್ತೆ ಫೋನಿನ ಕಡೆ ತಿರುಗಿದ. ಆ ಮಾತನ್ನು ಅವನು ಮುಗಿಸಲಿಲ್ಲ. ಮುಗಿಸದೆ ಬಿಟ್ಟಿದ್ದೇ ನನ್ನೊಳಗೆ ಇಷ್ಟು ದಿನ ಕೂತಿದೆ. ಇನ್ನೊಂದೂ ಇದೆ. ಅವನು ಕೇಳಿದ್ದು 'ನಮ್ಮವ್ರು' ಅಂತ. ನಾನು ಹೇಳಿದ್ದು 'ಬೆಂಗಳೂರಿನವ್ರು' ಅಂತ. ನಮ್ಮ ಕಡೆ ಈ ಎರಡು ಪದ ಒಂದೇ ಜನರನ್ನು ಸೂಚಿಸುವುದು ಅಪರೂಪ. ನನ್ನ ಬದುಕಿನಲ್ಲಿ ಒಂದು ರಾತ್ರಿ ಮಾತ್ರ ಅವು ಒಂದಾಗಿದ್ದವು. ಆ ರಾತ್ರಿಯ ಬಗ್ಗೆ ಬರೆಯಬೇಕು ಅಂತ ಆಗಲೇ ಅನ್ನಿಸಿತು.

ಎರಡು ದಿಕ್ಕು

ಕಲಬುರಗಿಯಿಂದ ಹೈದರಾಬಾದ್ 220 ಕಿಲೋಮೀಟರಿನ ಆಚೀಚೆ. ಮುಂಜಾನೆ ಹೋದವರು ಕೆಲಸ ಮುಗಿಸಿ ರಾತ್ರಿ ಮನೆಗೆ ಬಂದು ಉಣ್ಣಬಹುದು. ಬೆಂಗಳೂರು ಹತ್ತಿರ ಹತ್ತಿರ 600. ರೈಲಿನಲ್ಲಿ ಒಂದಿಡೀ ರಾತ್ರಿ. ದೊಡ್ಡ ಬೇನೆ ಬಂದರೆ ಹೈದರಾಬಾದ್ ಇಲ್ಲವೇ ಸೊಲ್ಲಾಪುರ, ಮದುವೆ ಜವಳಿಗೂ ಅದೇ ದಾರಿ. ಬೆಂಗಳೂರು ಅಂದರೆ ಫೈಲು ಹೋಗಿ ಕೂರುವ ಊರು, ವರ್ಗವಾಗಿ ಬಂದ ಸಾಹೇಬರು ಎಂದು ವಾಪಸು ಹೋದೇವು ಎಂದು ಕಾಯುವ ಊರು. ಸಂವಿಧಾನದ 371(ಜೆ) ಸಿಗುವುದಕ್ಕೆ ನಮ್ಮ ಭಾಗ ಎಷ್ಟು ವರ್ಷ ಬೀದಿಗಿಳಿಯಬೇಕಾಯಿತು ಎನ್ನುವುದನ್ನು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. 2014ರ ನವೆಂಬರ್ 1ರಂದು ಗುಲ್ಬರ್ಗಾ ಕಲಬುರಗಿಯಾದ ದಿನವೇ ಬ್ಯಾಂಗಲೋರ್ ಕೂಡ ಬೆಂಗಳೂರಾಯಿತು. ಹೆಸರು ಒಂದೇ ದಿನ ಬದಲಾದವು, ನಡುವಿನ ದೂರ ಹಾಗೇ ಉಳಿಯಿತು. 2016ರಲ್ಲಿ ನಮ್ಮ ಭಾಗದ ಹೆಸರಿನಲ್ಲೇ ಹೈದರಾಬಾದ್ ಇತ್ತು. ಕಲ್ಯಾಣ ಕರ್ನಾಟಕ ಆಗಿದ್ದು 2019ರಲ್ಲಿ.

ಫುಟ್‌ಬಾಲಿಗೂ ಇದೇ ಮಾತು. ನಮ್ಮ ಹಿರಿಯರ ಬಾಯಲ್ಲಿ ಫುಟ್‌ಬಾಲ್ ಅಂದರೆ ಹೈದರಾಬಾದ್. ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 54ರವರೆಗೆ ಸತತ ಐದು ಸಲ ರೋವರ್ಸ್ ಕಪ್ ಗೆದ್ದದ್ದು, ಆ ತಂಡವನ್ನು ಕಟ್ಟಿದ ಎಸ್.ಎ. ರಹೀಮ್ ಸಾಹೇಬರೇ ಮುಂದೆ 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತವನ್ನು ನಾಲ್ಕನೇ ಸ್ಥಾನಕ್ಕೂ 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನಕ್ಕೂ ಕರೆದೊಯ್ದದ್ದು, ಇವೆಲ್ಲ ಇಲ್ಲಿ ಮನೆಯ ಹಿರೀಕರ ಸುದ್ದಿಯಂತೆ ಕೇಳಿಬರುತ್ತಿದ್ದವು. ದಿನಾಂಕ ನೋಡಿ. 1956ರ ನವೆಂಬರ್ 1ಕ್ಕೆ ಗುಲ್ಬರ್ಗಾ, ಬೀದರ್, ರಾಯಚೂರು ಹೈದರಾಬಾದ್ ರಾಜ್ಯ ಬಿಟ್ಟು ಮೈಸೂರು ರಾಜ್ಯ ಸೇರಿದವು. ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ಕ್ಕೆ, ಮೆಲ್ಬರ್ನ್‌ನಲ್ಲಿ ಭಾರತ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿ ಸೆಮಿಫೈನಲ್ ತಲುಪಿತು. ಆಗಿನ ನಮ್ಮ ಜನ ಆ ಗೆಲುವನ್ನು ಯಾವ ಊರಿನ ಕಡೆ ಮುಖ ಮಾಡಿ ಸಂಭ್ರಮಿಸಿದರೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ನಾವು ಆಡಿದ್ದು ಎನ್.ವಿ. ಮೈದಾನದ ಒಂದು ಮೂಲೆಯಲ್ಲಿ, ಕ್ರಿಕೆಟಿನವರು ಬಿಟ್ಟುಕೊಟ್ಟಷ್ಟು ಜಾಗದಲ್ಲಿ. ರಜೆ ದಿನ ಊರ ಹೊರಗಿನ ಎರಿ ಹೊಲಗಳಲ್ಲೂ ಆಡುತ್ತಿದ್ದೆವು. ಬೇಸಿಗೆಯಲ್ಲಿ ಎರಿ ನೆಲ ಬಾಯಿ ಬಿಟ್ಟರೆ ಕಾಲು ಸಿಕ್ಕಿ ಉಳುಕುತ್ತದೆ, ಮಳೆ ಬಿದ್ದರೆ ಚೆಂಡಿಗೆ ಮಣ್ಣು ಮೆತ್ತಿಕೊಂಡು ಕಲ್ಲಿನಷ್ಟು ಭಾರವಾಗುತ್ತದೆ. ಒದೆಯುವುದಕ್ಕೆ ಮೊದಲು ಬೆರಳಿನಿಂದ ಮಣ್ಣು ಕೆರೆದು ತೆಗೆಯಬೇಕು. ಗಾಳಿ ಹೋದರೆ ಸೈಕಲ್ ಅಂಗಡಿಯವನ ಹತ್ತಿರ ಸೂಜಿ ಇದೆಯಾ ಎಂದು ಕೇಳುತ್ತಾ ಓಣಿ ಓಣಿ ತಿರುಗಬೇಕು. ಆ ಹುಡುಗರಲ್ಲಿ ಒಬ್ಬ ಈಗ ದೋಹಾದಲ್ಲಿ ಡ್ರೈವರ್. ಅವನ ಮಾತು ಮುಂದೆ ಬರುತ್ತದೆ.

ಅಲ್ಲಿಯವರೆಗೆ ಬಂದ ದಾರಿ

ಬೆಂಗಳೂರು ಫೈನಲ್ ಆಡಿದ್ದು ಎ.ಎಫ್.ಸಿ. ಕಪ್‌ನದು. ಅದು ಏಷ್ಯಾದ ಕ್ಲಬ್‌ಗಳ ಎರಡನೇ ದರ್ಜೆಯ ಟೂರ್ನಿ ಆಗಿತ್ತು. ಅದಕ್ಕೂ ಮೇಲೆ ಏಷ್ಯಾದ್ದೇ ಚಾಂಪಿಯನ್ಸ್ ಲೀಗ್ ಇತ್ತು. ಇದನ್ನು ಮುಚ್ಚಿಡುವ ಅಗತ್ಯ ನನಗಿಲ್ಲ, ಯಾಕೆಂದರೆ ಆ ಎರಡನೇ ದರ್ಜೆಯ ಫೈನಲ್ ಕೂಡ ಭಾರತದ ಕ್ಲಬ್‌ಗಳಿಗೆ ಎಟುಕಿರಲಿಲ್ಲ. 2008ರಲ್ಲಿ ಗೋವಾದ ಡೆಂಪೊ, 2013ರಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ಸೆಮಿಫೈನಲ್‌ವರೆಗೆ ಹೋಗಿ ನಿಂತಿದ್ದವು. ಬೆಂಗಳೂರು ಎಫ್‌ಸಿ ಹುಟ್ಟಿದ್ದೇ 2013ರಲ್ಲಿ. ಮೂರು ವರ್ಷದ ಕೂಸು.

2016ರಲ್ಲಿ ಗುಂಪಿನ ಹಂತದಲ್ಲಿ ಮಲೇಷ್ಯಾದ ಜೋಹೊರ್ ದಾರುಲ್ ತಜೀಮ್ ಎದುರು ಬೆಂಗಳೂರು ಎರಡೂ ಪಂದ್ಯ ಸೋತಿತ್ತು. ಜೋಹೊರ್ ಆಗ ಹಾಲಿ ಚಾಂಪಿಯನ್. ಮುಂದೆ ಹಾಂಗ್‌ಕಾಂಗ್‌ಗೆ ಹೋಗಿ ಕಿಚ್ಚಿ ತಂಡವನ್ನು 3-2ರಿಂದ ಸೋಲಿಸಿದರು, ಸಿಂಗಪುರದ ಟ್ಯಾಂಪಿನ್ಸ್ ರೋವರ್ಸನ್ನು ದಾಟಿದರು, ಸೆಮಿಫೈನಲ್‌ನಲ್ಲಿ ನೋಡಿದರೆ ಮತ್ತೆ ಅದೇ ಜೋಹೊರ್. ಅವರ ಊರಿನಲ್ಲಿ 1-1. ಅಕ್ಟೋಬರ್ 19ರಂದು ಕಂಠೀರವದಲ್ಲಿ ಮೊದಲ ಗೋಲು ಜೋಹೊರ್‌ದೇ. ಆಮೇಲೆ ಸುನಿಲ್ ಛೆಟ್ರಿ ಒಂದು ಹೆಡರ್ ಹಾಕಿ ಸಮ ಮಾಡಿದ. ದ್ವಿತೀಯಾರ್ಧದಲ್ಲಿ ಅವನು ದೂರದಿಂದ ಹೊಡೆದ ಎರಡನೇ ಗೋಲಿದೆಯಲ್ಲ, ಅದನ್ನು ನೋಡುವಾಗ ನಾನು ಮನೆಯಲ್ಲಿ ಒಬ್ಬನೇ ಇದ್ದೆ. ಕೂಗಿದ್ದು ಕೇಳಿ ಹೆಂಡತಿ ಅಡುಗೆಮನೆಯಿಂದ ಓಡಿ ಬಂದಳು. ಮೂರನೆಯದನ್ನು ಹುವಾನನ್ ತಲೆಯಿಂದ ಹಾಕಿದ. 3-1. ಬಾರ್ಸಿಲೋನಾದಲ್ಲಿ ಫ್ರಾಂಕ್ ರೈಕಾರ್ಡ್‌ಗೆ ಸಹಾಯಕನಾಗಿದ್ದ ಆಲ್ಬರ್ಟ್ ರೋಕಾ ಬೆಂಗಳೂರಿನ ಕೋಚ್ ಆಗಿ ಬಂದು ಆಗ ಇನ್ನೂ ಮೂರು ತಿಂಗಳು.

ಆ ಪಂದ್ಯದಲ್ಲಿ ಗೋಲ್‌ಕೀಪರ್ ಅಮರಿಂದರ್ ಸಿಂಗ್‌ಗೆ ಹಳದಿ ಕಾರ್ಡ್ ಬಿತ್ತು. ಅದರಿಂದ ಅವನು ಫೈನಲ್ ಆಡುವ ಹಾಗಿಲ್ಲ. ಒಬ್ಬ ಭಾರತೀಯ ಗೋಲ್‌ಕೀಪರ್‌ಗೆ ಅಲ್ಲಿಯವರೆಗೆ ಯಾವ ಕ್ಲಬ್ಬೂ ಕೊಡದ ಪಂದ್ಯ ಅದು. ಅಮರಿಂದರ್ ಅದನ್ನು ಹೊರಗೆ ಕೂತು ನೋಡಬೇಕು, ಮಿಜೋರಾಂನ ಲಾಲ್‌ಥುಆಮ್ಮಾವಿಯ ರಾಲ್ಟೆ ಗೋಲಿನ ಮುಂದೆ ನಿಲ್ಲಬೇಕು. ಇಬ್ಬರಿಗೂ ಆ ಹದಿನೈದು ದಿನ ನಿದ್ದೆ ಹೇಗೆ ಬಂದಿದ್ದೀತು?

ಶನಿವಾರ

ನವೆಂಬರ್ 5, ದೀಪಾವಳಿ ಕಳೆದು ವಾರವೂ ಆಗಿರಲಿಲ್ಲ. ಪಂದ್ಯ ದೋಹಾದಲ್ಲಿ, ನಮ್ಮ ಗಡಿಯಾರದಲ್ಲಿ ರಾತ್ರಿ ಒಂಬತ್ತೂವರೆಗೆ. ನಾನು ಗಂಜ್‌ನ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಆ ದಿನ ಮನೆಯಲ್ಲಿ ನೆಂಟರು ತುಂಬಿದ್ದರು, ಟಿ.ವಿ. ಅವರ ಕೈಯಲ್ಲಿತ್ತು. ಸ್ಟೇಷನ್ ರಸ್ತೆಯಿಂದ ಒಳಗೆ ಚಾಚಾನ ಚಹಾ ಹೋಟೆಲಿಗೆ ಹೋದೆ. ರಾತ್ರಿ ಗಾಡಿಗಳಿಗೆ ಕಾಯುವವರು, ಆಟೋದವರು, ಹಮಾಲರು ಅಲ್ಲಿ ಕೂಡುತ್ತಿದ್ದರು, ಹಾಗಾಗಿ ತಡವಾಗಿ ಮುಚ್ಚುತ್ತಿತ್ತು. ಗಲ್ಲಾದ ಮೇಲೆ ಒಂದು ಸಣ್ಣ ಟಿ.ವಿ. ಚಾಚಾಗೆ ಆಗ ಎಪ್ಪತ್ತೈದರ ಸಮೀಪ. ಹರೆಯದಲ್ಲಿ ಹೈದರಾಬಾದಿನ ಸಂಬಂಧಿಕರ ಹೋಟೆಲಿನಲ್ಲಿ ಕೆಲವು ವರ್ಷ ಕೆಲಸ ಮಾಡಿ ಬಂದವರು.

"ಚಾಚಾ, ಫುಟ್‌ಬಾಲ್ ಹಚ್ಚಲೇನು?" ಅಂದೆ.

"ಯಾರ್ದು?"

"ಬೆಂಗಳೂರಿಂದು. ಏಷ್ಯಾ ಫೈನಲ್."

"ನಿಮ್ಮ ಬೆಂಗಳೂರು ಎಲ್ಲಿ ತನಕ ಹೋಗ್ಯದ!" ಅಂದು ರಿಮೋಟ್ ನನ್ನ ಕೈಗೆ ಕೊಟ್ಟರು. 'ನಿಮ್ಮ' ಅಂದದ್ದು ನನಗೆ ಸ್ಪಷ್ಟವಾಗಿ ನೆನಪಿದೆ.

ಎದುರಾಳಿ ಇರಾಕಿನ ವಾಯುಪಡೆಯ ತಂಡ, ಅಲ್ ಕುವಾ ಅಲ್ ಜವಿಯಾ. ಬಗ್ದಾದ್‌ನದು, 1931ರಲ್ಲಿ ಹುಟ್ಟಿದ್ದು, ಆ ದೇಶದ ಅತಿ ಹಳೆಯ ಕ್ಲಬ್. ಬಗ್ದಾದ್ ಎಂಬ ಹೆಸರು ಕೇಳಿದ್ದೇ ಚಾಚಾ ಚಹಾ ಸೋಸುವುದನ್ನು ನಿಲ್ಲಿಸಿದರು. "ಗೌಸ್ ಪಾಕ್ ಮಲಗಿದ ಊರು ಬೇಟಾ ಅದು. ನಾ ಯಾರಿಗಿ ದುವಾ ಮಾಡ್ಲಿ?" ಎಂದು ಕೇಳಿದರು. ಗೌಸ್ ಪಾಕ್ ಅಂದರೆ ಸೂಫಿ ಸಂತ ಅಬ್ದುಲ್ ಖಾದಿರ್ ಜೀಲಾನಿ. ಇನ್ನೊಬ್ಬ ಸೂಫಿ ಸಂತ ಬಂದೇ ನವಾಜರ ಊರಾದ ಕಲಬುರಗಿಯಲ್ಲಿ ಹುಟ್ಟಿ ಬೆಳೆದ ಯಾರಿಗಾದರೂ ಆ ಪ್ರಶ್ನೆಯ ತೂಕ ಗೊತ್ತಾಗುತ್ತದೆ. ನಾನು ಉತ್ತರ ಕೊಡಲಿಲ್ಲ. ಕೊಡುವಂಥದ್ದು ನನ್ನ ಹತ್ತಿರ ಇರಲೂ ಇಲ್ಲ.

ಮೊದಲಾರ್ಧ ಉಸಿರು ಹಿಡಿದು ನೋಡಿದ್ದು. ಇರಾಕಿನವರು ಎತ್ತರ, ಗಟ್ಟಿ, ಚೆಂಡನ್ನು ನೆಲಕ್ಕೆ ಬೀಳಗೊಡದೆ ಅಗಲಕ್ಕೆ ಒಯ್ಯುವವರು. ಬೆಂಗಳೂರು ಹಿಂದೆ ಸರಿದು ನಿಂತಿತು. ಜಾನ್ ಜಾನ್ಸನ್ ಮತ್ತು ಹುವಾನನ್ ನಡುವೆ ನಿಂತು ತಲೆಗೆ ಬಂದದ್ದನ್ನೆಲ್ಲ ಆಚೆ ಕಳಿಸುತ್ತಿದ್ದರು. ಅವರನ್ನು ದಾಟಿ ಬಂದದ್ದಕ್ಕೆ ರಾಲ್ಟೆ ಇದ್ದ. ಅವನ ಹೆಸರು ಹೋಟೆಲಿನಲ್ಲಿ ಯಾರಿಗೂ ಹೇಳಲು ಬರಲಿಲ್ಲ, 'ಹಸಿರು ಅಂಗಡಿ ಬಾಗಿಲಿನಂಗ ಮುಚ್ಚಿ ನಿಂತಾನ' ಎಂದು ಒಬ್ಬ ಆಟೋದವನು ಚಾಚಾನ ಹೋಟೆಲಿನ ಹಸಿರು ಬಾಗಿಲು ತೋರಿಸಿ ಹೇಳಿದ. ಅರ್ಧ ಮುಗಿದಾಗ ಯಾರದೂ ಗೋಲಿಲ್ಲ. ಹೊರಗೆ ಒಂದು ಗಾಡಿ ಬಂದು ನಿಂತಿರಬೇಕು, ಕೆಲವರು ಎದ್ದು ಹೋದರು, ಕೆಲವರು ಚೀಲ ಹಿಡಿದು ಒಳಗೆ ಬಂದರು. ಬಂದವರಿಗೆ ಪಂದ್ಯ ಯಾವುದೆಂದು ಹೇಳುವ ಕೆಲಸ ಆಟೋದವನೇ ವಹಿಸಿಕೊಂಡ.

ಆ ವಿರಾಮದಲ್ಲಿ ಚಾಚಾ ಮಾತಾಡಿದರು. ಹೈದರಾಬಾದಿನ ಫತೇ ಮೈದಾನದಲ್ಲಿ ಟಿಕೆಟ್ ಇಲ್ಲದೆ ಹೊರಗಿನಿಂದ ಗದ್ದಲ ಕೇಳಿ ಗೋಲು ಎಣಿಸುತ್ತಿದ್ದದ್ದು, ಒಳಗೆ ಹೋದ ದಿನ ಬಲರಾಂ ಚೆಂಡು ಒಯ್ಯುವುದನ್ನು ನೋಡಿದ್ದು, ರಹೀಮ್ ಸಾಹೇಬರು ಗೆರೆಯಾಚೆ ಕೈ ಕಟ್ಟಿ ನಿಂತಿರುತ್ತಿದ್ದದ್ದು. "ಅದು ನಮ್ಮ ಟೀಮ್ ಇತ್ತು. 56ರಾಗ ನಮಗ ಈ ಕಡಿ ಕಳಸಿದ್ರು, ಟೀಮ್ ಆ ಕಡಿ ಉಳೀತು" ಅಂದರು. ದೂರಿನ ದನಿ ಅಲ್ಲ ಅದು. ಮನೆ ಬದಲಾಯಿಸುವಾಗ ಹಿತ್ತಲಿನ ಗಿಡ ಹಿಂದೆಯೇ ಉಳಿದ ಹಾಗೆ ಹೇಳಿದರು. ಅರವತ್ತು ವರ್ಷ. ಹಿಂದಿನ ಮಂಗಳವಾರ ತಾನೇ ನಾವು ಅರವತ್ತರ ರಾಜ್ಯೋತ್ಸವದ ಬಾವುಟ ಏರಿಸಿದ್ದೆವು.

ಎಪ್ಪತ್ತನೇ ನಿಮಿಷ. ಅಮ್ಜದ್ ರಾಧಿ ನಮ್ಮ ರಕ್ಷಣೆಯನ್ನು ಸೀಳಿ ಒಳಗೆ ಬಂದ, ಚೆಂಡನ್ನು ಪಕ್ಕಕ್ಕೆ ಕೊಟ್ಟ, ಹಮ್ಮಾದಿ ಅಹ್ಮದ್ ಹತ್ತಿರದಿಂದ ಒಳಗೆ ಹಾಕಿದ. ಆ ಟೂರ್ನಿಯಲ್ಲಿ ಹಮ್ಮಾದಿಯ ಹದಿನಾರನೇ ಗೋಲು ಅದು. ಅಲ್ಲಿಯವರೆಗೆ ಹಲ್ಲು ಕಚ್ಚಿ ಹಿಡಿದದ್ದೆಲ್ಲ ಒಂದು ಸಣ್ಣ ಒದೆತಕ್ಕೆ ಹೋಯಿತು. "ಒಂದ್ ಹೆಜ್ಜಿ. ಒಂದ್ ಹೆಜ್ಜಿ ಮೊದ್ಲ ಬರಬೇಕಿತ್ತು" ಎಂದು ಚಾಚಾ ತೊಡೆ ಬಡಿದುಕೊಂಡರು.

ಉಳಿದ ಇಪ್ಪತ್ತು ನಿಮಿಷದಲ್ಲಿ ಬೆಂಗಳೂರು ಮುಂದೆ ಬಂತು. ಅದುವರೆಗೆ ತಡೆಯುವುದೇ ಆಟವಾಗಿತ್ತು, ಈಗ ಕಳೆದುಕೊಳ್ಳುವುದಕ್ಕೆ ಏನೂ ಇರಲಿಲ್ಲ. ಪ್ರತಿ ಸಲ ಚೆಂಡು ಛೆಟ್ರಿ ಕಾಲಿಗೆ ಬಂದಾಗ ಹೋಟೆಲಿನಲ್ಲಿ ಲೋಟದ ಸಪ್ಪಳ ನಿಲ್ಲುತ್ತಿತ್ತು. ಚಾಚಾ ಗಲ್ಲಾ ಬಿಟ್ಟು ಟಿ.ವಿ. ಕೆಳಗೆ ಬಂದು ನಿಂತಿದ್ದರು. ಒಲೆಯ ಮೇಲಿನ ಹಾಲು ಉಕ್ಕಿ ಸೀದ ವಾಸನೆ ಬಂತು, ಕೆಲಸದ ಹುಡುಗನೂ ಹೋಗಲಿಲ್ಲ. ಕೊನೆಕೊನೆಗೆ ಚಾಚಾ ತಮಗೆ ತಾವೇ ಹೇಳಿಕೊಳ್ಳುತ್ತಿದ್ದುದು ನನ್ನ ಕಿವಿಗೆ ಬಿತ್ತು: "ಯಾ ಅಲ್ಲಾ, ನಮ್ಮ ಹುಡುಗ್ರು ಒಂದ್ ಹೊಡೀಲಿ. ಒಂದೇ ಒಂದ್."

ನಮ್ಮ ಹುಡುಗ್ರು.

ಹೊಡೆಯಲಿಲ್ಲ. ಸೀಟಿ ಊದಿತು. ಛೆಟ್ರಿ ಸೊಂಟದ ಮೇಲೆ ಕೈಯಿಟ್ಟು ನಿಂತದ್ದು ಕಣ್ಣಿಗೆ ಕಟ್ಟಿದೆ. ಚಾಚಾ ಮಾತಿಲ್ಲದೆ ಹೋಗಿ ಹಾಲಿನ ಪಾತ್ರೆ ಇಳಿಸಿದರು. ನಾನು ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

ದೋಹಾದಿಂದ ಬಂದ ದನಿ

ಮನೆಗೆ ಹೋಗುವಷ್ಟರಲ್ಲಿ ಗೆಳೆಯನ ವಾಟ್ಸಾಪ್ ಧ್ವನಿ ಸಂದೇಶ ಬಂದಿತ್ತು. ನಮ್ಮ ಜೊತೆ ಎರಿ ಹೊಲದಲ್ಲಿ ಆಡಿದವನು ಆ ರಾತ್ರಿ ದೋಹಾದ ಕ್ರೀಡಾಂಗಣದಲ್ಲೇ ಇದ್ದ. ಡ್ಯೂಟಿ ಬದಲಿಸಿಕೊಂಡು ಹೋಗಿದ್ದ. ಕನ್ನಡ, ಮಲಯಾಳ, ಹಿಂದಿ ಎಲ್ಲ ಕಲಸಿದ ಕೂಗಿನ ನಡುವೆ ಅವನ ದನಿ: "ದೋಸ್ತ, ಸೋತ್ವಿ. ಆದ್ರ ಈ ಕಡಿ ನೋಡಿದ್ರ ಇರಾಕಿನವ್ರು ಗಂಡಸರು ಗಂಡಸರು ಅಪ್ಪಿಕೊಂಡು ಅಳ್ಲತ್ತಾರ. ನನಗ ಸಿಟ್ಟೂ ಬರವಲ್ದು."

ಅವನು ಹೇಳಿದ್ದರ ಅರ್ಥ ಪೂರ್ತಿ ಆಗಿದ್ದು ನನಗೆ ಆಮೇಲೆ, ಓದಿ ತಿಳಿದುಕೊಂಡ ಮೇಲೆ. ದೋಹಾ ಆ ಫೈನಲ್‌ಗೆ ಯಾರಿಗೂ ಸಂಬಂಧಪಡದ ತಟಸ್ಥ ಊರೆಂದು ನಾನು ತಿಳಿದಿದ್ದೆ. ಹಾಗಲ್ಲ. ಕಾಗದದ ಮೇಲೆ ಅದು ಇರಾಕಿನವರ ತವರು ಪಂದ್ಯ. ಅವರ ದೇಶದಲ್ಲಿ ಭದ್ರತೆ ಇಲ್ಲವೆಂದು ಫಿಫಾ ಅಲ್ಲಿ ಅಂತರರಾಷ್ಟ್ರೀಯ ಪಂದ್ಯ ಆಡಗೊಡುತ್ತಿರಲಿಲ್ಲ, ಹಾಗಾಗಿ ಅವರು ಕತಾರ್‌ನಲ್ಲಿ ಒಂದು ಮೈದಾನ ಹಿಡಿದು ಅದನ್ನೇ ತವರೆಂದು ಕರೆದು ಆಡುತ್ತಿದ್ದರು. ಆ ಅಕ್ಟೋಬರಿನ ಮಧ್ಯದಲ್ಲೇ ಮೊಸುಲ್ ಊರನ್ನು ಐಸಿಸ್ ಕೈಯಿಂದ ಬಿಡಿಸುವ ಯುದ್ಧ ಶುರುವಾಗಿತ್ತು. ಫೈನಲ್ ನಡೆದ ರಾತ್ರಿಯೂ ಅದು ನಡೆಯುತ್ತಿತ್ತು. ಅದಕ್ಕೂ ಮೊದಲು ಅವರದೇ ದೇಶದ ಎರ್ಬಿಲ್ ತಂಡ ಎರಡು ಸಲ ಈ ಕಪ್ಪಿನ ಫೈನಲ್‌ಗೆ ಬಂದು ಎರಡು ಸಲವೂ ಸೋತಿತ್ತು. ಇರಾಕಿನ ಕ್ಲಬ್ ಒಂದು ಈ ಕಪ್ ಎತ್ತಿದ್ದು ಅದೇ ಮೊದಲು. ಮುಂದಿನ ಎರಡು ವರ್ಷವೂ ಅಲ್ ಕುವಾ ಅಲ್ ಜವಿಯಾನೇ ಗೆದ್ದಿತು. 2018ರ ಫೈನಲ್ ನಡೆದದ್ದು ಬಸ್ರಾದಲ್ಲಿ, ಇರಾಕಿನ ನೆಲದಲ್ಲೇ. ಆ ಸುದ್ದಿ ಓದಿದ ದಿನ ನಾನು ಚಾಚಾನ ಹೋಟೆಲಿಗೆ ಹೋಗಿ ಹೇಳಿ ಬಂದೆ. ಅವರು ಎರಡೂ ಕೈ ಎತ್ತಿ ಮುಖ ಸವರಿಕೊಂಡರು.

ಸೋತದ್ದು ನನಗೆ ಇವತ್ತಿಗೂ ನೋವೇ. ಆದರೆ ಯಾರಿಗೆ ಸೋತೆವು ಎಂಬುದು ತಿಳಿದ ಮೇಲೆ ಆ ನೋವಿನೊಳಗೆ ಕಹಿ ಉಳಿಯಲಿಲ್ಲ.

ಮೂರೇ ದಿನ

ಆ ಪಂದ್ಯ ಯಾಕೆ ಯಾರ ನೆನಪಿನಲ್ಲೂ ನಿಲ್ಲಲಿಲ್ಲ ಎಂದು ಕೇಳಿದರೆ ಒಂದು ಉತ್ತರ ಕ್ಯಾಲೆಂಡರಿನಲ್ಲೇ ಇದೆ. ಭಾನುವಾರ ಪತ್ರಿಕೆಯಲ್ಲಿ ಬಂತು. ಸೋಮವಾರ ಮಿಲ್ಲಿನಲ್ಲಿ ಇಬ್ಬರು ಮೂವರು ಕೇಳಿದರು. ಮಂಗಳವಾರ, ನವೆಂಬರ್ 8ರ ರಾತ್ರಿ ಎಂಟಕ್ಕೆ 500 ಮತ್ತು 1000ದ ನೋಟು ರದ್ದೆಂದು ಘೋಷಣೆಯಾಯಿತು. ಗಂಜ್ ಪೂರ್ತಿ ರೊಕ್ಕದ ಮೇಲೆ ನಡೆಯುವ ಬಜಾರು. ಹೊಲದಲ್ಲಿ ತೊಗರಿ ಹೂ ಬಿಟ್ಟು ನಿಂತಿತ್ತು, ತಿಂಗಳೊಪ್ಪತ್ತಿಗೆ ಹೊಸ ಮಾಲು ಬರಬೇಕು, ರೈತನ ಕೈಗೆ ಏನು ಕೊಡುವುದೆಂದು ಯಾರಿಗೂ ತಿಳಿಯಲಿಲ್ಲ. ನಾನು ಆ ತಿಂಗಳು ಕಂಡದ್ದು ಬ್ಯಾಂಕಿನ ಸಾಲು ಮತ್ತು ಹಮಾಲರ ಕೂಲಿಯ ಲೆಕ್ಕ. ಫುಟ್‌ಬಾಲ್ ಮಾತಾಡುವುದಕ್ಕೆ ಯಾರೂ ಉಳಿದಿರಲಿಲ್ಲ. ಭಾರತದ ಕ್ಲಬ್ ಒಂದು ಏಷ್ಯಾದ ಫೈನಲ್ ಆಡಿದ ಸುದ್ದಿಗೆ ಮೂರು ದಿನದ ಆಯಸ್ಸು ಸಿಕ್ಕಿತು.

ಇನ್ನೊಂದು ಮಾತು. 2004ರಲ್ಲಿ ಶುರುವಾದ ಎ.ಎಫ್.ಸಿ. ಕಪ್ 2023–24ರ ಆವೃತ್ತಿಯೊಂದಿಗೆ ನಿಂತುಹೋಯಿತು. ಏಷ್ಯಾದ ಟೂರ್ನಿಗಳನ್ನು ಹೊಸದಾಗಿ ಜೋಡಿಸಿದಾಗ ಅದರ ಜಾಗಕ್ಕೆ ಬೇರೆ ಹೆಸರು ಬಂತು. 2017ರಲ್ಲಿ ಬೆಂಗಳೂರೇ ಮತ್ತೆ ಹತ್ತಿರ ಹೋಗಿ ತಜಿಕಿಸ್ತಾನದ ಇಸ್ತಿಕ್ಲೋಲ್ ಎದುರು ನಿಂತಿತು, ಫೈನಲ್ ಸಿಗಲಿಲ್ಲ. ಹಾಗಾಗಿ ಆ ಕಪ್ಪಿನ ಇಪ್ಪತ್ತು ವರ್ಷದ ಪಟ್ಟಿಯಲ್ಲಿ ಫೈನಲ್ ಆಡಿದ ಭಾರತದ ತಂಡ ಒಂದೇ, ಇನ್ನು ಆ ಸಾಲಿಗೆ ಇನ್ನೊಂದು ಸೇರುವುದೂ ಇಲ್ಲ. 'ಸೋತ್ರು' ಎಂಬ ಒಂದೇ ಪದದಲ್ಲಿ ನಾನು ಹುಡುಗನಿಗೆ ಉತ್ತರ ಕೊಟ್ಟಿದ್ದು ತಪ್ಪು. ಹಾಂಗ್‌ಕಾಂಗ್, ಸಿಂಗಪುರ, ಜೋಹೊರ್ ಎಲ್ಲ ಹೇಳಿ ಆಮೇಲೆ ದೋಹಾ ಹೇಳಬೇಕಿತ್ತು.

ಹೋದ ತಿಂಗಳು ಅವನು ಮತ್ತೆ ಬಂದಿದ್ದ. ಊಟ ಆದ ಮೇಲೆ ಮಾಳಿಗೆಗೆ ಕರೆದುಕೊಂಡು ಹೋಗಿ ಎಲ್ಲ ಹೇಳಿದೆ. ಬಗ್ದಾದ್, ಬಲರಾಂ, ಫತೇ ಮೈದಾನ, ಉಕ್ಕಿದ ಹಾಲು. ಚಾಚಾ ಈಗಿಲ್ಲ, ಹೋಟೆಲಿನ ಜಾಗದಲ್ಲಿ ಮೊಬೈಲ್ ಅಂಗಡಿ ಬಂದಿದೆ, ಅದನ್ನೂ ಹೇಳಿದೆ. ಅವನು ಫೋನಿನಲ್ಲಿ ಪಂದ್ಯದ ತುಣುಕು ಹುಡುಕಿದ. ಹಮ್ಮಾದಿಯ ಗೋಲು ಬಂದಾಗ ನಿಲ್ಲಿಸಿ, ಹಿಂದಕ್ಕೆ ಎಳೆದು, ಮತ್ತೆ ನೋಡಿದ. ನಾಲ್ಕನೇ ಸಲ ನೋಡಿ ಪರದೆಯ ಮೇಲೆ ಬೆರಳಿಟ್ಟ.

"ಇಲ್ಲಿ ನೋಡ್ ಮಾಮಾ. ನಮ್ಮವ ಒಂದ್ ಹೆಜ್ಜಿ ಮೊದ್ಲ ಬರಬೇಕಿತ್ತು."